ಇಟಲಿ ಗಾಡಿ ಮತ್ತು ನೂರಬಿಯ ಪರಾತ

ನೂರಬಿಯ ಹಿಟ್ಟು ನಾದುವ ಪರಾತ ಕೈತಪ್ಪಿ ವರ್ಷಗಳೇ ಆಗಿದ್ದವು. ಕೈತಪ್ಪಿತ್ತು ಎಂದರೆ ಕಳ್ಳರೇನೂ ಒಯ್ದಿರಲಿಲ್ಲ. ಅದು ಹಾಡಹಗಲೇ, ಮನೆಯ ಬಾಗಿಲ ಮುಂದೆಯೇ, ಬೈಲಹೊಂಗಲದ ಸಮಸ್ತ ಮಹಾಜನರ ಕಣ್ಣೆದುರಿಗೆ, ಗಂಡ ಚಮನಸಾಬರ ಮೋಟಾರ್ ಸೈಕಲ್ಲಿನ ಹೊಟ್ಟೆಯ ಕೆಳಗೆ ಕುಳಿತು ತೊಟ್ಟಿಕ್ಕುವ ಎಣ್ಣೆ ಹಿಡಿಯುತ್ತಿತ್ತು. ತವರಿನವರು ಮದುವೆಯಲ್ಲಿ ಕೊಟ್ಟ ಹಿತ್ತಾಳೆಯ ಪರಾತ ಅದು. ಬೇರೆ ಪಾತ್ರೆ ಇಡಬಾರದಿತ್ತೇ ಎಂದರೆ, ಇಟ್ಟೂ ನೋಡಿದ್ದರು. ತಗಡಿನ ಡಬ್ಬಿ ಇಟ್ಟರೆ ಎಣ್ಣೆ ಅದರ ಆಚೆ ಬೀಳುತ್ತಿತ್ತು, ಬೋಗುಣಿ ಇಟ್ಟರೆ ಈಚೆ ಬೀಳುತ್ತಿತ್ತು. ಪರಾತಕ್ಕೆ ಮಾತ್ರ ಗಾಡಿ ಒಪ್ಪಿಕೊಂಡಿತು.

"ಇಟಲಿದು ಅದು. ಅದಕ್ಕ ಎಲ್ಲಾ ಅಗಲ ಬೇಕಾಗತೈತಿ," ಎಂದು ಚಮನಸಾಬರು ತೀರ್ಪು ಕೊಟ್ಟಿದ್ದರು.

ಆ ಗಾಡಿ ಮನೆಗೆ ಬಂದ ಬಗೆಯೂ ನೆಟ್ಟಗಿರಲಿಲ್ಲ. ಚಮನಸಾಬರದು ಬಜಾರದಲ್ಲಿ ಗಾದಿ ಅಂಗಡಿ. ಹತ್ತಿ ಹಿಂಜಿ, ತುಂಬಿ, ಹೊಲಿದು ಕೊಡುವುದು ಅಜ್ಜನ ಕಾಲದಿಂದ ಬಂದ ಕಸುಬು. ತೊಂಬತ್ತರ ದಶಕದ ನಡುವೆ ಒಮ್ಮೆ ಗೋವಾದ ಮಡಗಾಂವದಲ್ಲಿ ಲಾಜು ನಡೆಸುವ ಮುದುಕನೊಬ್ಬ ಒಂದು ಟ್ರಕ್ಕಿನಷ್ಟು ಗಾದಿಗೆ ಆರ್ಡರು ಕೊಟ್ಟ. ಆ ಹಣದಲ್ಲಿ ನೂರಬಿಗೆ ಕನ್ನಡಿ ಇರುವ ಕಬ್ಬಿಣದ ತಿಜೋರಿ ತರುವುದೆಂದು ಗಂಡ ಹೆಂಡತಿಯ ನಡುವೆ ಕರಾರಾಗಿತ್ತು. ತಿಜೋರಿ ನಿಲ್ಲಿಸುವ ಮೂಲೆಯನ್ನು ನೂರಬಿ ಗುಡಿಸಿ ಸಾರಿಸಿ ಇಟ್ಟುಕೊಂಡು ಕಾದಳು. ಗಾದಿ ಒಯ್ದ ಟ್ರಕ್ಕು ಮರಳಿ ಬಂತು. ಅದರಿಂದ ಇಳಿದದ್ದು ಕೆಂಪು ಪೆಟ್ರೋಲ್ ಟಾಕಿಯ ಮೋಟಾರ್ ಸೈಕಲ್ಲು. ಪೋರ್ಚುಗೀಸರ ಕಾಲದಲ್ಲಿ ಹಡಗಿನಲ್ಲಿ ಬಂದದ್ದಂತೆ, ಪಾದ್ರಿಯೊಬ್ಬರು ಹತ್ತಿ ಮೆರೆದದ್ದಂತೆ, ಲಾಜಿನ ಮುದುಕ ರೊಕ್ಕ ಸಾಲದೆ ಗಾದಿಗೆ ಬದಲು ಅದನ್ನೇ ಕೊಟ್ಟನಂತೆ.

"ಕನ್ನಡಿ ಎಲ್ಲೈತಿ?" ಎಂದಳು ನೂರಬಿ.

"ಐತಲ್ಲಾ," ಎಂದು ಚಮನಸಾಬರು ಹ್ಯಾಂಡಲ್ಲಿಗೆ ಜೋತುಬಿದ್ದಿದ್ದ ಒಡಕು ಕನ್ನಡಿಯನ್ನು ತೋರಿಸಿದರು.

(ಅಂದು ಅವರು ಎಲ್ಲಿ ಉಂಡರು, ಎಲ್ಲಿ ಮಲಗಿದರು ಎಂಬುದನ್ನು ಅವರು ಯಾರಿಗೂ ಹೇಳಿಲ್ಲ. ಅಂಗಡಿಯ ಗಾದಿಗಳೇನೂ ಗಟ್ಟಿಯಾಗಿರಲಿಲ್ಲ ಎಂದಷ್ಟೇ ನಾವು ಹೇಳಬಹುದು.)

ಮುಂದೆ ಶುರುವಾಯಿತು ಗಾಡಿಯ ಸೇವೆ. ಊರಿನ ಗಾಡಿಗಳಿಗೆಲ್ಲ ಕಿಕ್ಕು ಬಲಗಡೆ ಇದ್ದರೆ ಇದಕ್ಕೆ ಎಡಗಡೆ. ಊರಿನ ಗಾಡಿಗಳು ಒದ್ದರೆ ಚಾಲೂ ಆಗುತ್ತವೆ. ಇದು ಮರ್ಯಾದೆ ಬಯಸುತ್ತಿತ್ತು. ಮೊದಲು ಕಾರ್ಬೊರೇಟರಿನ ಮೇಲಿನ ಸಣ್ಣ ಗುಂಡಿಯನ್ನು ಪೆಟ್ರೋಲು ಒಸರುವ ತನಕ ಒತ್ತಬೇಕು. ಗಾಡಿಯನ್ನು ಎಡಕ್ಕೆ ವಾಲಿಸಬೇಕು. ಟಾಕಿಗೆ ಅಂಗೈಯಿಂದ ಒಮ್ಮೆ ತಟ್ಟಿ, ಬಿಸ್ಮಿಲ್ಲಾ ಎಂದು ಮೆಲ್ಲಗೆ ತುಳಿಯಬೇಕು. ಸಾಮಾನು ಬೇಕೆಂದರೆ ಗೋವಾಕ್ಕೆ ಹೋಗಬೇಕು. ಅಲ್ಲಿ ಸಿಗದಿದ್ದರೆ ಬೈಲಹೊಂಗಲದ ಕಮ್ಮಾರನೇ ಇಟಲಿಯಾಗಬೇಕು. ಹೀಗಾಗಿ ಕ್ಲಚ್ಚಿನ ವಾಯರು ಸೈಕಲ್ಲಿನದು, ಹಾರ್ನು ಹಳೇ ಟೆಂಪೋದ್ದು. ಸೀಟು ಮಾತ್ರ ಚಮನಸಾಬರ ಸ್ವಂತ ಕೈಕೆಲಸ. ಒಳ್ಳೆಯ ಹತ್ತಿಯನ್ನು ಮತ್ತೆ ಮತ್ತೆ ಹಿಂಜಿ ತುಂಬಿದ್ದರು. ಪೆಟ್ರೋಲಿನ ವಿಷಯವನ್ನಂತೂ ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ.

ಆದರೆ ಚಾಲೂ ಆಯಿತೆಂದರೆ ಅದರ ಮಾತೇ ಬೇರೆ! ಸಂಜೆ ಅಂಗಡಿ ಮುಚ್ಚಿ ಸವದತ್ತಿಯ ದಾರಿ ಹಿಡಿದು ನವಿಲುತೀರ್ಥದ ಅಣೆಕಟ್ಟಿನ ಕಡೆಗೆ ಹೊರಟರೆ, ಆ ಸದ್ದು ಎದೆಗೂಡಿನೊಳಗೇ ಬಡಿದಂತಾಗುತ್ತಿತ್ತು. ದಿನವಿಡೀ ಹತ್ತಿಯ ಧೂಳು ಕುಡಿದ ಮನುಷ್ಯನಿಗೆ ಅಣೆಕಟ್ಟಿನ ತಂಪುಗಾಳಿ ಮುಖಕ್ಕೆ ಬಡಿಯುವ ಸುಖ ಏನೆಂದು ಬಲ್ಲವರೇ ಬಲ್ಲರು. ಚಮನಸಾಬರು ಗಂಟಲು ಬಿಟ್ಟು ಹಾಡುತ್ತಿದ್ದರು. ಗಾಡಿಯ ಸದ್ದಿನಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲವಾದ್ದರಿಂದ ಊರಿಗೆ ಅಪಾಯವಿರಲಿಲ್ಲ. ಮರಳಿ ಬರುವಾಗ ಗಾಡಿ ಕೈಕೊಟ್ಟರೆ ಮಗಳು ಗುಲಫಶಾ ಊರ ಹೊರಗಿನ ತನಕ ಹೋಗಿ ದೂಡಿಕೊಂಡು ಬರುತ್ತಿದ್ದಳು. ಕಾಲೇಜು ಓದುವ ಹುಡುಗಿಯ ತೋಳಿಗೆ ಗರಡಿಯ ಹುಡುಗರ ಬಲ ಬಂದದ್ದು ಹೀಗೆ.

ಗಾಡಿಗೆ ನಿಜವಾದ ಕೀರ್ತಿ ತಂದವನು ನೆರೆಮನೆಯ ಅಮೋಘಸಿದ್ದಪ್ಪನ ಮಗ ಸಾಗರ. ಊರೂರು ತಿರುಗಿ ಹೆಣ್ಣು ನೋಡಿ, ಎಲ್ಲೆಡೆ ಇಲ್ಲವೆನ್ನಿಸಿಕೊಂಡು ಸೋತಿದ್ದ ಅವನು ಒಂದು ದಿನ ಚಮನಸಾಬರ ಗಾಡಿ ಬೇಡಿಕೊಂಡು ಕಿತ್ತೂರಿಗೆ ಹೋದ. ಮಹಾನಂದಾ ಎಂಬ ಹುಡುಗಿಯ ಮನೆಯವರು ಚಹದ ಕಪ್ಪು ಕೆಳಗಿಡುವುದರೊಳಗೆ ಹೂಂ ಎಂದರು. (ಅವಳ ಅಪ್ಪ ಇಂದಿಗೂ "ಆ ಕೆಂಪ ಗಾಡಿ ಎಲ್ಲಿ ಅಳಿಯಂದ್ರ?" ಎಂದು ಕೇಳುತ್ತಾನೆ. "ಸರ್ವಿಸಿಂಗ್‌ಗೆ ಹೋಗೇತ್ರಿ" ಎಂದು ಸಾಗರ ಇಂದಿಗೂ ಹೇಳುತ್ತಾನೆ.) ಅಲ್ಲಿಂದ ಮುಂದೆ ಈ ಗಾಡಿಯ ಮೇಲೆ ಹೋದರೆ ಸಂಬಂಧ ಕೂಡಿಬರುತ್ತದೆಂದು ಸುತ್ತೆಲ್ಲ ಸುದ್ದಿಯಾಯಿತು. ದೇಗಾಂವದಿಂದ ಬಂದರು, ಯರಗಟ್ಟಿಯಿಂದ ಬಂದರು. ಚಮನಸಾಬರು ಬಾಡಿಗೆ ಮುಟ್ಟುತ್ತಿರಲಿಲ್ಲ. ಅದೊಂದು ಪುಣ್ಯಕಾರ್ಯವೆಂದು ಬಗೆದು, ಅದಕ್ಕೊಂದು ಶಾಸ್ತ್ರವನ್ನೂ ತಾವೇ ಬರೆದಿದ್ದರು: ಕೊಟ್ಟವನು ಯಾವ ಮನೆಗೆಂದು ಕೇಳಬಾರದು, ಒಯ್ದವನು ಯಾರ ಗಾಡಿಯೆಂದು ಹೇಳಬಾರದು. ಎರಡೂ ಕಡೆಯ ಮಾನ ಉಳಿಯಬೇಕು ನೋಡಿ.

ಈ ಶಾಸ್ತ್ರವೇ ಮುಂದೆ ಅವರ ಕೊರಳಿಗೆ ಸುತ್ತಿಕೊಂಡದ್ದು.

ಗುಲಫಶಾಳ ಕಾಲೇಜು ಮುಗಿದ ವರ್ಷ ಒಂದು ಮುಂಜಾನೆ ನೂರಬಿ ರೊಟ್ಟಿ ಬಡಿಯುತ್ತ ಸುದ್ದಿ ಒಡೆದಳು.

"ಶುಕ್ರವಾರ ನಮಾಜ ಮುಗದ ಮ್ಯಾಲೆ ರಾಮದುರ್ಗದವರು ಗುಲಫಶಾನ್ನ ನೋಡಾಕ ಬರತಾರ. ನಮ್ಮಕ್ಕ ಹೇಳಿ ಕಳಿಸ್ಯಾಳ. ಸೀರಿ ಅಂಗಡಿ ಐತಂತ, ಹುಡುಗ ಭಾಳ ಚಲೋ ಅದಾನಂತ."

"ಬರಲಿ."

"ಬರಲಿ ಅಂದ್ರ ಮುಗೀಲಿಲ್ಲ. ಆ ಗಾಡಿ ಅವತ್ತ ಬಾಗಲದಾಗ ಕಾಣಬಾರದು."

"ಯಾಕ? ಅದೇನ ಮಾಡೇತಿ ನಿನಗ?"

"ನೋಡಿದವರು ಅದನ್ನ ಹುಂಡಾ, ವರದಕ್ಷಿಣಿ ಅಂತ ಕೇಳಿದ್ರ ನಿಮ್ಮ ಜೀವಾ ಹೋಗತೈತಿ. ಕೇಳಲಿಲ್ಲಂದ್ರ ನಿಮ್ಮ ಮಾನಾ ಹೋಗತೈತಿ. ಎರಡೂ ಯಾಕ? ಗಾಡೀನ ಹೋಗಲಿ. ಮತ್ತ ನನ್ನ ಪರಾತ ನನಗ ಹೊಳ್ಳಿ ಕೊಡ್ರಿ."

ಚಮನಸಾಬರು ವಾದಕ್ಕೆ ಬಾಯಿ ತೆರೆದರು. ಒಳಗಿನಿಂದ ಗುಲಫಶಾ, "ಅಪ್ಪಾ, ನನ್ನ ಸಲುವಾಗಿ ಒಂದ ದಿನ," ಎಂದಳು. ತೆರೆದ ಬಾಯಿ ಹಾಗೆಯೇ ಮುಚ್ಚಿತು. ಒಬ್ಬಳೇ ಮಗಳು, ಒಳ್ಳೆಯ ಮನೆ ಸೇರಬೇಕು ಎಂಬ ಆಸೆ ಅವರಿಗೂ ಇತ್ತು. ಎಣ್ಣೆ ಸೋರುವ ಗಾಡಿಯಿಂದ ಸಂಬಂಧ ಮುರಿದರೆ ತಮ್ಮನ್ನು ತಾವೇ ಕ್ಷಮಿಸಿಕೊಳ್ಳಲಾರರು.

ದೇವರು ದೊಡ್ಡವನು. ಗುರುವಾರ ಸಂಜೆಯೇ ಯರಗಟ್ಟಿಯ ಕಾಳಿನ ವ್ಯಾಪಾರಿ ಹಣಮಂತಪ್ಪ ಅಂಗಡಿಗೆ ಬಂದ.

"ಚಮನಸಾಬರ, ನಾಳೆ ಒಂದ ದಿನ ಗಾಡಿ ಬೇಕಾಗಿತ್ರಿ. ನಮ್ಮ ಗಿರಾಕಿ ಒಬ್ಬರು ಹುಡುಗನ್ನ ಕರಕೊಂಡ ಕನ್ಯಾ ನೋಡಾಕ ಹೊಂಟಾರ."

"ಒಯ್ರಿ, ಒಯ್ರಿ! ಯಾವ..." ಎಂದವರು ನಾಲಿಗೆ ಕಚ್ಚಿಕೊಂಡರು. ಶಾಸ್ತ್ರ ಶಾಸ್ತ್ರವೇ. ಗುಂಡಿ ಒತ್ತುವುದು, ವಾಲಿಸುವುದು, ತಟ್ಟುವುದು ಎಲ್ಲವನ್ನೂ ಪಾಠ ಒಪ್ಪಿಸಿ ಗಾಡಿಯನ್ನು ಸಾಗಹಾಕಿದರು. ಮನೆಗೆ ಬಂದು ಪರಾತವನ್ನು ಹೆಂಡತಿಯ ಮುಂದಿಟ್ಟು, ಯುದ್ಧ ಗೆದ್ದವರ ಹಾಗೆ ಮೀಸೆ ತೀಡಿದರು. ನೂರಬಿ ಅದನ್ನು ಹುಣಸೆಹಣ್ಣು, ಬೂದಿ ಹಚ್ಚಿ ಮೂರು ನೀರಿನಲ್ಲಿ ತೊಳೆದು, ಮೂಸಿ ನೋಡಿ, ಮತ್ತೆ ತೊಳೆದಳು. ಬಹಳ ದಿನಗಳ ಮೇಲೆ ಪರಾತ ತನ್ನ ಮುಖ ತಾನು ತೋರಿಸಿತು.

ಶುಕ್ರವಾರ ಮಧ್ಯಾಹ್ನ ಮನೆ ತುಂಬ ಶಿರಾದ ತುಪ್ಪದ ವಾಸನೆ. ನೆರೆಮನೆಯ ಬಾಯವ್ವ ಭಜಿ ಕರಿಯುತ್ತಿದ್ದಳು, ಪರಾತದ ತುಂಬ ಭಜಿ ಗುಡ್ಡೆಯಾಗುತ್ತಿತ್ತು. ಚಮನಸಾಬರು ಹೊಸ ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಆಗ ದೂರದಿಂದ ಒಂದು ಸದ್ದು ಕೇಳಿಸಿತು. ಅಭ್ಯಾಸಬಲದಿಂದ ಅವರ ಮುಖ ಅರಳಿತು. ಮರುಕ್ಷಣವೇ ಅವರು ಎರಡೂ ಕೈಯಿಂದ ಟೋಪಿ ಹಿಡಿದುಕೊಂಡರು.

ಓಣಿಯ ತಿರುವಿನಲ್ಲಿ ಕೆಂಪು ಟಾಕಿ ಕಂಡಿತು. ಮುಂದೆ ಬೆವರಿನಿಂದ ತೊಯ್ದ ಹುಡುಗ, ಹಿಂದೆ ಕಪ್ಪು ಕನ್ನಡಕದ ದಪ್ಪ ಮನುಷ್ಯ. ಗಾಡಿ ಯಾರೂ ಹೇಳದೆಯೇ ತನ್ನ ದಿನದ ಜಾಗಕ್ಕೆ ಬಂದು, ಕೆಮ್ಮಿ, ನಿಂತಿತು.

"ಸಲಾಂ ಅಲೈಕುಂ! ನಾವು ರಾಮದುರ್ಗದವರು. ನಾನು ಹುಡುಗನ ಕಾಕಾ. ಇವನ ನಮ್ಮ ಸರ್ಫರಾಜ," ಎಂದು ಕನ್ನಡಕದವರು ಇಳಿದರು. "ಹೆಂಗೈತಿ ನಮ್ಮ ಗಾಡಿ? ಖಾಸ್ ಇಟಲಿಯಿಂದ ತರಿಸೇವಿ."

"ವಾಲೈಕುಂ ಸಲಾಂ. ಚಲೋ... ಭಾಳ ಚಲೋ ಐತ್ರಿ," ಎಂದರು ಚಮನಸಾಬರು. ತಮ್ಮ ಶಾಸ್ತ್ರ ತಮ್ಮ ಗಂಟಲಲ್ಲೇ ಸಿಕ್ಕಿಕೊಂಡಿತ್ತು. "ಬರ್ರಿ, ಒಳಗ ಬರ್ರಿ, ಕುಂದರ್ರಿ."

ನೀರು ತರುವ ನೆಪದಲ್ಲಿ ಅಡುಗೆಮನೆಗೆ ಹೋದರೆ ನೂರಬಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. "ಗಾಡಿ ಎಲ್ಲೆರೆ ಕಳಸ್ರಿ ಅಂದ್ರ ಬೀಗರನ್ನ ಕರಕೊಂಡ ಬಾ ಅಂತ ಕಳಿಸಿದ್ರೇನು?"

"ನನಗೇನ ಗೊತ್ತು? ಕೇಳಬಾರದಂತ ಶಾಸ್ತ್ರ ಐತಿ!"

"ಸುಡ್ರಿ ನಿಮ್ಮ ಶಾಸ್ತ್ರ! ಈಗ ಬಾಯಿ ಬಿಟ್ರ ಆ ಕಾಕಾನ ಮುಖಾ ಹೋಗತೈತಿ, ಕೂಡಿಬಂದ ಸಂಬಂಧ ಹೋಗತೈತಿ. ತುಟಿ ಪಿಟಕ್ ಅನಬ್ಯಾಡ್ರಿ!"

ಹೊರಗೆ ಕಾಕಾ ಗಾಡಿಯ ಗುಣಗಾನ ನಡೆಸಿದ್ದರು. ಎಷ್ಟು ಓಡುತ್ತದೆ, ಎಷ್ಟು ಕಡಿಮೆ ಕುಡಿಯುತ್ತದೆ! (ಎಲ್ಲ ಸುಳ್ಳು. ಆದರೆ ಇಷ್ಟು ಸೊಗಸಾದ ಸುಳ್ಳನ್ನು ಚಮನಸಾಬರೂ ಹೇಳಿರಲಿಲ್ಲ.) ಹುಡುಗ ಕುಳಿತಲ್ಲೇ ಮಿಸುಕಾಡುತ್ತಿದ್ದ. ಕೊನೆಗೆ ತಡೆಯಲಾರದೆ ಹೇಳಿಬಿಟ್ಟ.

"ಕಾಕಾ, ಸುಳ್ಳ ಯಾಕ? ಗಾಡಿ ನಮ್ದಲ್ರಿ. ಯಾರದೋ ಕಡೆಯಿಂದ ಇಸಗೊಂಡ ಬಂದೀವಿ. ಇದರ ಮ್ಯಾಲೆ ಹ್ವಾದ್ರ ಕನ್ಯಾ ಕೂಡತೈತಿ ಅಂತ ಕಾಕಾಗ ಯಾರೋ ಹೇಳ್ಯಾರ. ಯರಗಟ್ಟಿಯಿಂದ ಅರ್ಧಾ ದಾರಿ ಅದು ನಮ್ಮನ್ನ ತಂತು, ಅರ್ಧಾ ದಾರಿ ನಾವ ಅದನ್ನ ತಂದ್ವಿ."

"ಹುಡುಗ ಚೇಷ್ಟಿ ಮಾಡತಾನ," ಎಂದು ಕಾಕಾ ನಕ್ಕರು. ನಗು ಯಾರಿಗೂ ಅಂಟಲಿಲ್ಲ.

"ಅದನ್ನ ಇಟಗೊಂಡ ಮನ್ಯಾನ ಹೆಣಮಗಳು ಭಾಳ ಸಮಾಧಾನದಾಕಿ ಇರಬೇಕ್ರಿ," ಎಂದ ಸರ್ಫರಾಜ.

ಪರದೆಯ ಹಿಂದೆ ಬಳೆ ಸದ್ದಾಯಿತು. ನೂರಬಿಯ ಮನಸ್ಸಿನಲ್ಲಿ ಮದುವೆ ಅಲ್ಲಿಗೇ ಮುಗಿದು ಹೋಯಿತು.

"ಮತ್ತ... ಆ ಮನ್ಯಾನ ಗಣಮಗ?" ಎಂದರು ಚಮನಸಾಬರು. ಕೇಳಬಾರದಿತ್ತು, ಆದರೆ ಬಾಯಿ ಮಾತು ಕೇಳಲಿಲ್ಲ.

"ಅವ ಒಂಚೂರು ಮಳ್ಳ ಇರಬೇಕ್ರಿ." ಹುಡುಗ ಸ್ವಲ್ಪ ಯೋಚಿಸಿ ಸೇರಿಸಿದ, "ಆದ್ರ ಸೀಟ್ ಭಾಳ ಚಲೋ ಐತಿ. ಆ ಹತ್ತಿ ತುಂಬಿದವನ ಕೈಗೆ ಮಾತ್ರ ಸಲಾಂ ಹೊಡಿಬೇಕು."

ಬೈಸಿಕೊಂಡ ಮಳ್ಳತನವೂ ಹೊಗಳಿಸಿಕೊಂಡ ಕೈಯೂ ಒಬ್ಬರದೇ ಆದ್ದರಿಂದ, ಸಿಟ್ಟಾಗಬೇಕೋ ಹಿಗ್ಗಬೇಕೋ ಚಮನಸಾಬರಿಗೆ ತಿಳಿಯಲಿಲ್ಲ. ಮುಖ ತಿರುಗಿಸಿ ಬಾಗಿಲಾಚೆ ನೋಡಿದರು. ಸಾರಿಸಿದ ಅಂಗಳದ ಮೇಲೆ ಎಣ್ಣೆ ಬೀಳತೊಡಗಿತ್ತು. ಟಪ್. ಟಪ್. ಅವರ ಜೀವ ತಡೆಯಲಿಲ್ಲ. ಎದ್ದರು, ಅಡುಗೆಮನೆಗೆ ನಡೆದರು, ಭಜಿಯನ್ನೆಲ್ಲ ಬಾಯವ್ವನ ಮಡಿಲಿನ ತಾಟಿಗೆ ಸುರಿದು ಪರಾತ ಎತ್ತಿಕೊಂಡು ಹೊರಗೆ ಹೋಗಿ, ಬಗ್ಗಿ ಕೂಡ ನೋಡದೆ ಕಾಲಿನಿಂದಲೇ ಗಾಡಿಯ ಕೆಳಗೆ ಸರಿಸಿ ಮರಳಿ ಬಂದು ಕುಳಿತರು. ಮುಂದಿನ ಹನಿ ಪರಾತದ ನಟ್ಟನಡುವೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ತಾವೇನು ಮಾಡಿದೆವೆಂಬುದು ಅವರಿಗೆ ತಿಳಿದದ್ದು ನೂರಬಿ ಪರದೆಯ ಹಿಂದೆ ಹಣೆ ಚಚ್ಚಿಕೊಂಡಾಗ.

ಅಷ್ಟರಲ್ಲಿ ಗುಲಫಶಾ ಚಹ ತಂದಳು. ತಲೆ ತಗ್ಗಿಸಿದ್ದರೂ ತುಟಿ ಬಿಗಿ ಹಿಡಿದಿದ್ದಳು. ಸರ್ಫರಾಜ ಕಪ್ಪು ತೆಗೆದುಕೊಂಡು, ಏನಾದರೂ ಮಾತಾಡಬೇಕಲ್ಲ ಎಂದು, "ನಿಮಗ ಮೋಟಾರ್ ಸೈಕಲ್ ಮ್ಯಾಲೆ ಕೂತ ರೂಢಿ ಐತೇನ್ರಿ?" ಎಂದ.

"ಕೂತದ್ದು ಕಡಿಮಿರಿ," ಎಂದಳು ಗುಲಫಶಾ. "ದೂಡಿದ್ದ ಭಾಳ."

ಹುಡುಗ ಅವಳನ್ನು ನೋಡಿದ. ಹೊರಗಿನ ಪರಾತ ನೋಡಿದ. ಚಮನಸಾಬರ ಟೋಪಿಯ ಅಂಚಿಗೆ ಅಂಟಿದ್ದ ಹತ್ತಿಯ ಎಳೆ ನೋಡಿದ. ಅವನ ಕಿವಿಗಳು ಕೆಂಪಾದವು. "ಯಾ ಅಲ್ಲಾ!" ಎಂದು ಕಪ್ಪು ಕೆಳಗಿಟ್ಟ. ಗುಲಫಶಾಳಿಗೆ ಇನ್ನು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡರೂ ನಗು ಹೊರಬಿತ್ತು. ಆ ನಗು ಕೇಳಿ ಹುಡುಗನೂ ನಕ್ಕ.

ನಗದೆ ಉಳಿದವರು ಕಾಕಾ ಒಬ್ಬರೇ. ಗಾಡಿಯ ಮಾಲೀಕನ ಮುಂದೆಯೇ ಗಾಡಿ ನಮ್ಮದೆಂದು ಅಷ್ಟೊತ್ತು ಹೊಗಳಿದ್ದು ನೆನಪಾಗಿ ಅವರ ಮುಖ ಕಪ್ಪಿಟ್ಟಿತು.

"ಗೊತ್ತಿದ್ದೂ ಸುಮ್ಮ ಕುಂತಿರೇನು? ಮನಿಗೆ ಕರದು ಮಳ್ಳ ಮಾಡತೀರಿ? ಏಳೋ ಸರ್ಫರಾಜ, ಈ ಸಂಬಂಧ ನಮಗ ಬ್ಯಾಡ!"

ಅವರೇ ಮುಂದಾಗಿ ಹೊರಗೆ ಹೋಗಿ ಗಾಡಿಯ ಬಲಗಡೆ ಕಿಕ್ಕು ಹುಡುಕಿದರು. ಎಡಗಡೆ ಸಿಕ್ಕಿತು. ಒದ್ದರು. ಗಾಡಿ ಸುಮ್ಮನಿತ್ತು. ಮತ್ತೆ ಒದ್ದರು. ಅವರು ಒದೆಯುವುದನ್ನು ಚಮನಸಾಬರು ನೋಡಲಾರದಾದರು. ಗುಂಡಿ ಒತ್ತಿ, ವಾಲಿಸಿ, ತಟ್ಟಿದರೆ ಒಂದೇ ತುಳಿತಕ್ಕೆ ಎದ್ದೀತು! ಕೈ ತಾನಾಗಿ ಮುಂದೆ ಚಾಚಿತು. ಆಗ ಹಿಂದಿನಿಂದ ಯಾರೋ ಅಂಗಿಯ ಚುಂಗು ಹಿಡಿದು ಜಗ್ಗಿದರು.

"ಮುಟ್ಟೀರಿ ಮತ್ತ!" ಎಂದು ನೂರಬಿ ಪಿಸುಗುಟ್ಟಿದಳು. ಈ ಗಾಡಿ ಚಾಲೂ ಆಗಬಾರದೆಂದು ಅವಳು ದೇವರಿಗೆ ಹರಕೆ ಹೊತ್ತದ್ದು ಅದೇ ಮೊದಲು.

ಚಮನಸಾಬರು ಕೈಕಟ್ಟಿ ನಿಂತರು. ಒಂದು ಕಡೆ ಮಗಳ ಬಾಳು, ಒಂದು ಕಡೆ ಒದೆ ತಿನ್ನುವ ಗಾಡಿ; ಅವರ ಕಣ್ಣಲ್ಲಿ ನೀರಾಡಿತು. ಕಾಕಾ ಒದ್ದರು, ಬೈದರು, ದೂಡಿದರು, ಕನ್ನಡಕ ತೆಗೆದಿಟ್ಟು ಮತ್ತೆ ಒದ್ದರು. ಇಟಲಿ ಗಾಡಿ ಒಮ್ಮೆಯೂ ಉಸಿರು ಬಿಡಲಿಲ್ಲ. ಕೊನೆಗೆ ಅವರು ಏದುಸಿರು ಬಿಡುತ್ತ ಒಳಗೆ ಬಂದು, ಚಮನಸಾಬರು ಅತಿಥಿಗಳಿಗೆಂದೇ ಹಾಸಿದ್ದ ಹೊಸ ಗಾದಿಯ ಮೇಲೆ ಕುಸಿದರು. ನೀರು ಕುಡಿದರು. ನೂರಬಿ ಭಜಿಯ ತಾಟು ಮುಂದಿಟ್ಟಳು. ಒಂದು ತಿಂದರು, ಇನ್ನೊಂದು ತಿಂದರು. ಶಿರಾ ಬಂತು. ಗಾದಿಯನ್ನು ಅಂಗೈಯಿಂದ ಒತ್ತಿ ನೋಡಿದರು.

"ಈ ಗಾದಿ ನೀವ ಮಾಡಿದ್ದೇನು?"

"ಹೌದ್ರಿ ಸಾಹೇಬ್ರ. ಆ ಸೀಟೂ ನಂದ."

ಕಾಕಾ ಗಾದಿಯನ್ನೊಮ್ಮೆ, ಬಾಗಿಲಾಚೆಯ ಗಾಡಿಯನ್ನೊಮ್ಮೆ ನೋಡಿ ಗೊಳ್ಳೆಂದು ನಕ್ಕರು. "ಸುಳ್ಳ ಹೇಳಿದ್ದು ನಾನ, ನಿಮ್ಮ ಮ್ಯಾಲೆ ಸಿಟ್ಟಾಗಿ ಏನ ಮಾಡ್ಲಿ? ಏನಪಾ ಸರ್ಫರಾಜ?" ಎಂದರು. ಸರ್ಫರಾಜ ಅಡುಗೆಮನೆಯ ಪರದೆಯ ಕಡೆಗೆ ನೋಡಿಯೇ ಹೂಂ ಎಂದ. ಪರದೆ ಹಿಂದಿನಿಂದ ಬಾಯವ್ವ, "ಹುಡುಗೀನೂ ಹೂಂ ಅಂತಾಳ!" ಎಂದು ಕೂಗಿದಳು.

ಅಂದು ಅವರು ರಾಮದುರ್ಗಕ್ಕೆ ಹೋದದ್ದು ಬಸ್ಸಿಗೆ. ಓಣಿ ಬರಿದಾದ ಮೇಲೆ ನೂರಬಿ ಗಾಡಿಯ ಹತ್ತಿರ ಹೋಗಿ ಟಾಕಿಯ ಮೇಲೆ ಕೈಯಾಡಿಸಿ, "ಇಷ್ಟ ವರ್ಷದಾಗ ಇವತ್ತ ಬುದ್ಧಿ ಬಂತು ನಿನಗ," ಎಂದಳು. ಅದನ್ನು ಕದ್ದು ಕೇಳಿದ ಚಮನಸಾಬರಿಗೆ ಎಂದೂ ಇಲ್ಲದಷ್ಟು ಸಂತೋಷವಾಯಿತು.

ಆ ಸಂತೋಷವೇ ನಿಶ್ಚಯದ ದಿನ ಅವರ ತಲೆ ಕೆಡಿಸಿತು. ಎರಡೂ ಕಡೆಯ ಹಿರಿಯರು ಕೂತಿದ್ದರು. ಸರ್ಫರಾಜ ಹುಂಡಾ ಬೇಡವೆಂದು ಮೊದಲೇ ಹೇಳಿಬಿಟ್ಟಿದ್ದ. ಇಂಥ ಅಳಿಯನಿಗೆ ಏನು ಕೊಟ್ಟರೂ ಕಡಿಮೆಯೆಂದು ಉಬ್ಬಿದ ಚಮನಸಾಬರು ಎದ್ದು ನಿಂತರು.

"ನನ್ನ ಹಂತ್ಯಾಕ ಬೆಲಿಬಾಳೂ ವಸ್ತು ಎರಡ ಅದಾವು," ಎಂದರು. "ಒಂದು ನನ್ನ ಮಗಳು. ಆಕಿನ್ನ ಕೊಟ್ಟೇನಿ. ಇನ್ನೊಂದು ಬಾಗಲದಾಗ ಐತಿ. ಅಳಿಯಂದ್ರ, ಇವತ್ತ ಅದನ್ನೂ ನಿಮಗ..."

"ಬ್ಯಾಡ್ರಿ!"

ಸರ್ಫರಾಜ ಕುಳಿತಲ್ಲಿಂದ ಎದ್ದೇಬಿಟ್ಟಿದ್ದ. "ಮಾವಾರ, ನಿಮ್ಮ ಕಾಲ ಬೀಳತೇನಿ. ಹುಂಡಾ ಬ್ಯಾಡ ಅಂದೇನಲ್ರಿ, ಅದರಾಗ ಮುಖ್ಯ ಬ್ಯಾಡಾದ್ದಂದ್ರ ಅದ!"

ಸಭೆ ಬಿದ್ದು ಬಿದ್ದು ನಕ್ಕಿತು. ಕಾಕಾ ಅಂತೂ ಭಜಿ ನೆತ್ತಿಗೇರಿಸಿಕೊಂಡರು. ಚಮನಸಾಬರು ಮೆಲ್ಲಗೆ ಕುಳಿತರು. ಅವರ ಮಾನ ಹೋಗಿತ್ತು, ಆದರೆ ಗಾಡಿ ಉಳಿದಿತ್ತು. ಒಳಗೊಳಗೇ ಯಾರಿಗೂ ಕಾಣದಂತೆ ನೆಮ್ಮದಿಯ ಉಸಿರು ಬಿಟ್ಟರು.

ಸರ್ಫರಾಜ ಚೀಲದಿಂದ ಒಂದು ಗಂಟು ತೆಗೆದು ನೂರಬಿಯ ಮುಂದಿಟ್ಟ. ಬಿಚ್ಚಿದರೆ ಹೊಚ್ಚ ಹೊಸ ಹಿತ್ತಾಳೆಯ ಪರಾತ. "ಅತ್ತಿಯಾರ, ಇದು ಹಿಟ್ಟ ನಾದಾಕ," ಎಂದ. ನೂರಬಿ ಅದನ್ನು ಎದೆಗವಚಿಕೊಂಡು ಕಣ್ಣೊರೆಸಿಕೊಂಡಳು.

ಬೀಗರೆಲ್ಲ ಹೋದ ಮೇಲೆ ಚಮನಸಾಬರು ಮೆಲ್ಲಗೆ ಅಡುಗೆಮನೆಗೆ ಬಂದು ಹೊಸ ಪರಾತವನ್ನು ಬೆರಳಿನಿಂದ ಬಡಿದು ನೋಡಿದರು.

"ನೂರಾ, ಅಳಿಯ ಭಾಳ ಶ್ಯಾಣ್ಯಾ ಅದಾನ. ಯಾಕಂದ್ರ ನೋಡು, ನಿನ್ನಿಯಿಂದ ಗಾಡಿ ಹಿಂದಿನ ಗಾಲಿ ಹಂತ್ಯಾಕೂ ಸೋರಾಕತ್ತೈತಿ..."

ನೂರಬಿ ಪರಾತವನ್ನು ಟ್ರಂಕಿನಲ್ಲಿಟ್ಟು, ಬೀಗ ಜಡಿದು, ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಒಲೆಯ ಪಕ್ಕದಲ್ಲಿದ್ದ ಚಮನಸಾಬರ ಊಟದ ತಾಟನ್ನು ಎತ್ತಿ ಅವರ ಕೈಗಿಟ್ಟಳು.

"ಇದನ್ನ ಇಡ್ರಿ. ಉಣ್ಣೂದಕ್ಕ ಕೈ ಅದಾವಲ್ಲ."